ಓವನ್ ಕೇಳ್ಕೊಂಡು ಬಂದಾಕಿಗೆ

ಬಾರವ್ವಾ, ಚಪ್ಪಲಿ ಬಿಡಬ್ಯಾಡ, ಒಳಗ ಮೊಳಿ ಬಿದ್ದಾವ.
ಇಜಾಪುರದಾಗ ಇಷ್ಟು ಅಂಗಡಿ
ಒಂದರ ಮ್ಯಾಲೊಂದು ಹೇರಿಟ್ಟ ಜಾಗಾ ಇದೊಂದ.
ಓವನ್ ಐದವ.
ಐದರಾಗ ನಾಕಕ್ಕ ಕಂಪನಿಯ ಪ್ಲಾಸ್ಟಿಕ್ ಹಾಳಿ
ಇನ್ನೂ ಅಂಟಿಕೊಂಡದ.
ತೋರಸ್ತೀನಿ. ಮೊದಲು ನೀರು ಕುಡಿ.

ಈ ಗಾಜಿನ ಪೆಟ್ಟಿಗಿ ನೋಡು, ಕೇಕ್ ಇಡೋದು.
ಅಥಣಿ ರಸ್ತಾದಾಗ ಇಬ್ಬರು ಗೆಳತ್ಯಾರು ಹಾಕಿದ್ದರು.
ಮಂದಿ ಹುಟ್ಟಿದ ಹಬ್ಬ ಬಿಟ್ಟಿರಲಿಲ್ಲ ಮತ್ತ,
ಕೇಕ್ ಬಿಟ್ಟಿದ್ದರು.
ಮನ್ಯಾಗ ಶಿರಾ ಮಾಡಿ
ಅದರ ನೆತ್ತಿಗೊಂದು ಮೇಣಬತ್ತಿ ಚುಚ್ಚಿದರ
ಕೂಸಿಗೇನು ಗೊತ್ತಾಗ್ತದ?

ಅದು ಜಿಮ್ಮಿನ ಓಡೋ ಪಟ್ಟಾ.
ಜನವರಿದಾಗ ಓಡಿತ್ತು, ಮಾರ್ಚಿಗೆ ನಿಂತಿತು.
ಈಗ ಅದರ ಮ್ಯಾಲ ನಮ್ಮ ಹಮಾಲ ಬಂದಗಿ
ಮಧ್ಯಾಹ್ನದ ನಿದ್ದಿ ಮಾಡ್ತಾನ.
ಇದು ಪ್ಲಾಟು ಮಾರೋ ಏಜೆಂಟನ ಮೇಜು.
ಕಾಜಿನ ಕೆಳಗ ನಕ್ಷೆ ಹಂಗ ಅದ, ತೆಗಿಯಾಕ ಬರವಲ್ದು.
ಹಸರು ಬಣ್ಣದ್ದು ಉದ್ಯಾನ, ನೀಲಿದು ಕಾರಂಜಿ.
ನಾ ಹೋಗಿ ನೋಡಿ ಬಂದೀನಿ,
ಕಾರಂಜಿ ಇರೋ ಕಡೆ ಒಬ್ಬಾಕಿ ಕುಳ್ಳು ತಟ್ಟತಿದ್ದಳು.

ಮದುವಿ ಮಂಟಪದ ಪ್ಲಾಸ್ಟಿಕ್ ಹೂ ನಾಕು ಚೀಲ.
ಮದುವಿಗೋಳು ನಿಂತಿಲ್ಲ,
ಗುಡಿ ಮುಂದ ಐವತ್ತು ಮಂದ್ಯಾಗ ಆಗಿ ಹೋದವು.

ನಾ ನಾಕನೆತ್ತೆ ಓದಿದಾಂವ.
ಆದ್ರ ಬಜಾರ ತಣ್ಣಗಾದಾಗ
ಯಾವ ಸಾಮಾನು ಮೊದಲು ನನ್ನ ಬಾಗಲಿಗೆ ಬರ್ತದ ಅಂತ ಬಲ್ಲೆ.
"ಮುಂದಿನ ತಿಂಗಳ ನೋಡೂಣು" ಅಂತ ಮಂದಿ ಅನ್ನೋದನ್ನ
ಈ ವರ್ಷ ಮಾರಬ್ಯಾಡ.
ಉದ್ರಿ ಕೊಡದ ನಡಿಯದ ಧಂದೆಕ್ಕ ಕೈ ಹಾಕಬ್ಯಾಡ.
ಬೋರ್ಡಿಗೆ ಲೈಟು ಹಾಕೋ ರೊಕ್ಕ
ಮಾಲಿಗೆ ಹಾಕೋ ರೊಕ್ಕಕ್ಕಿಂತ ಹೆಚ್ಚಾದ್ರ
ಆ ಬೋರ್ಡೂ ಇಲ್ಲಿಗೇ ಬರ್ತದ,
ಅಗೋ, ಗ್ವಾಡಿಗೆ ಹನ್ನೊಂದು ನಿಂತಾವ.

ಹಂಗಾದ್ರ ನಡಿಯೂದೇನು ಅಂತೀ?
ಮೂವತ್ತೊಂದು ವರ್ಷದಾಗ
ರಫು ಮಾಡೋನ ಸೂಜಿ ನನ್ನ ಕಡೆ ಬಂದಿಲ್ಲ.
ಪಂಕ್ಚರ್ ನೋಡೋ ನೀರಿನ ಬುಟ್ಟಿ ಬಂದಿಲ್ಲ.
ಹಿಟ್ಟಿನ ಗಿರಣಿ ಬಂದಿಲ್ಲ.
ಇಲ್ಲ, ಒಂದು ಬಂದಿತ್ತು.
ಅದು ಅಣ್ಣತಮ್ಮರ ಜಗಳಾ, ಬಜಾರದ್ದಲ್ಲ.

ಏನಂದಿ? ಕೇಕಿಗಲ್ಲ?
ರೊಟ್ಟಿಗಾ?
"ಮಳಿಗಾಲದಾಗ ಖಡಕ್ ರೊಟ್ಟಿ ಮೆತ್ತಗಾಗ್ತಾವ ಕಾಕಾ.
ಮೂರು ಖಾನಾವಳಿ, ಒಂದು ಹಾಸ್ಟೆಲ್ಲು ಮುಂಗಡಾ ಕೊಟ್ಟಾವ.
ಬಡಿಯಾಕ ನಾವು ಆರು ಮಂದಿ ಇದ್ದೀವಿ.
ಒಣಗಸಾಕ ಬಿಸಲಿಲ್ಲ, ಅಷ್ಟ."

ನೋಡು, ಅರ್ಧ ತಾಸು ನನ್ನ ಬಾಯಿ ಬಡಕೊಳ್ಳಾಕ ಬಿಟ್ಟು
ಈಗ ಹೇಳ್ತಾಳ.
ಹಾಳಿ ಅಂಟಿದ ನಾಕೂ ಬ್ಯಾಡ ನಿನಗ.
ಆ ಮೂಲ್ಯಾಗಿಂದು ತಗೊ, ಒಳಗ ಕರ್ರಗಾಗೇದ,
ಕೆಲಸ ಗೊತ್ತಿದ್ದದ್ದು.

ಇದಾ? ನೀ ಲೋಟಾ ಇಟ್ಟಿದ್ದು?
ಇದು ಮಾರೋದಲ್ಲ.
ಮೊಬೈಲ್ ಅಂಗಡಿ ಕೌಂಟರ್, ನಮ್ಮ ಅಳಿಯಂದು, ಜಿಲಾನಿದು.
ಗೋದಾವರಿ ಹತ್ತಿರ ಆ ಸಾಲಿನಾಗ
ಆಗಲೇ ಒಂಬತ್ತು ಮೊಬೈಲ್ ಅಂಗಡಿ ಇದ್ದವು.
ಅವಗೂ ಇದನ್ನೆಲ್ಲಾ ಹೇಳಿದ್ದೆ.
ಇಲ್ಲ. ಸುಳ್ಳ್ಯಾಕ.
ಹೇಳಿರಲಿಲ್ಲ.
ಹೇಳಿದ್ದರ ಕೌಂಟರ್ ಉಳಿತಿತ್ತು,
ನಾ ಅವಗ ಪೂರಾ ರೇಟಿಗೆ ಮಾರಿದ್ದೆ.
ಆರು ತಿಂಗಳಿಗೆ ಅವನ ಟೆಂಪೋದಾಗ ಹಾಕ್ಕೊಂಡು ಬಂದ,
ಇಳಿಸಿದ, ಚಾ ಕುಡದ, ರೊಕ್ಕ ಕೇಳಲಿಲ್ಲ.
ಕೇಳಿದ್ದರ ಚಲೋ ಇತ್ತು.

ಆತು, ಐನೂರು ಬಿಡ್ತೀನಿ.
ಇನ್ನೂರಾ? ಇನ್ನೂ ಇನ್ನೂರು ಬಿಡಬೇಕಾ?
ಭಾರೀ ಇದ್ದೀಯವ್ವಾ, ಹೆಸರೇನಂದಿ, ಕಸ್ತೂರಿ?
ನೀ ನನ್ನ ಕಡೆ ಮರಳಿ ಬರೂದಿಲ್ಲ ಬಿಡು.
ಬಂದಗಿ, ಏಳೋ, ಹಗ್ಗ ತಾ.
ಎಡಗಡೆ ಕಾಲು ಸಡ್ಲದ, ಸಾವಕಾಶ ಎತ್ತು.